ಕಂಕುಳ ತುಂಡು

ನೃತ್ಯ ತಂಡದ ಉಡುಪು ಹೊಲಿಯುವವಳನ್ನು ಹುಡುಗಿಯರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ನಿಜವಾಗಿ ಅವಳು ಸೋದರತ್ತೆ ಆಗಬೇಕಾದದ್ದು ಪುಟ್ಟಿ ಒಬ್ಬಳಿಗೆ. ಅಣ್ಣನ ಮಗಳು. ಈ ಸಲದ ಪ್ರದರ್ಶನದಲ್ಲಿ ಮೊದಲ ಬಾರಿಗೆ ಮುಂದಿನ ಸಾಲಿನ ನಡುವೆ ನಿಲ್ಲುವವಳು.

ಕುಣಿಯುವವರ ರವಿಕೆಗೆ ಕಂಕುಳಲ್ಲಿ ಒಂದು ಚೌಕದ ತುಂಡು ಕೊಡಬೇಕು. ಆಗ ಕೈ ತಲೆಯ ಮೇಲಕ್ಕೆ ಹೋದರೂ ಬಟ್ಟೆ ಜಗ್ಗುವುದಿಲ್ಲ. ಕೈ ಇಳಿಸಿ ನಿಂತಾಗ ಮಾತ್ರ ಅಲ್ಲಿ ಮಡಿಕೆ ಬಿದ್ದು ಚೂರು ದೊಗಳೆ ಕಾಣುತ್ತದೆ. ಉಳಿದವರಿಗೆಲ್ಲ ಅತ್ತೆ ಆ ತುಂಡು ಇಟ್ಟಳು. ಪುಟ್ಟಿಯದಕ್ಕೆ ಇಡಲಿಲ್ಲ. ನಮ್ಮ ಹುಡುಗಿಯ ಮೈಮೇಲೆ ಒಂದು ಸುಕ್ಕೂ ಕಾಣಬಾರದು ಅನ್ನುವ ಆಸೆ.

ಹಾಕಿ ನೋಡಿದ ದಿನ ಎಲ್ಲರ ಕಣ್ಣೂ ಪುಟ್ಟಿಯ ಮೇಲೇ.

"ಅಣ್ಣನ ಮಗಳಿಗೆ ಬೇರೆ ಕಟಿಂಗು, ನಮಗೆಲ್ಲ ದಿಂಬಿನ ಚೀಲ," ಎಂದಳು ಪಕ್ಕದಲ್ಲಿದ್ದ, ಎಲ್ಲರೂ ಜಡೆ ಎಂದೇ ಕರೆಯುವ ಉದ್ದ ಜಡೆಯವಳು.

"ನೀನು ದಿಂಬಿನ ಹಾಗಿದ್ದರೆ ನಾನೇನು ಮಾಡಲೇ," ಎಂದು ಅತ್ತೆ ನಕ್ಕು, ಪುಟ್ಟಿಯ ಕಡೆ ತಿರುಗಿ ಕೇಳಿದಳು. "ಹಿಡಿಸ್ತಾ?"

ಪುಟ್ಟಿ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ನಿಲ್ಲಿಸಿದಳು. "ಹಿಡೀತು, ಅತ್ತೆ."

ಅತ್ತೆಯ ಕಿವಿ ಮಂದವೇನಲ್ಲ. ಆದರೂ ಆ ನಗುವಿನ ನಡುವೆ, ಬಿಗಿಯಾಗಿ ಹಿಡೀತು ಎಂದದ್ದನ್ನು ಇಷ್ಟವಾಯಿತು, ಹಿಡಿಸ್ತು ಎಂದೇ ಕೇಳಿಸಿಕೊಂಡು, ದಾರ ಕತ್ತರಿಸಿಬಿಟ್ಟಳು.

ಉಡುಪು ತೊಟ್ಟು ತಾಲೀಮು ಮಾಡಿದ್ದು ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ. ಎಲ್ಲರ ಕೈಯೂ ಮೇಲೆ ಹೋದಾಗ ಪುಟ್ಟಿಯದು ಕಿವಿಯ ಹತ್ತಿರವೇ ನಿಂತಿತು. ನೃತ್ಯ ಕಲಿಸುವ ಮೇಷ್ಟ್ರು ಇನ್ನೊಮ್ಮೆ ಮಾಡಿಸಿದರು. ಮತ್ತೂ ಅಷ್ಟೇ.

"ನಡುವೆ ನಿಲ್ಲಿಸಿದ್ದೇ ತಲೆಗೆ ಹತ್ತಿತಾ? ನಿನ್ನೆವರೆಗೂ ಚೆನ್ನಾಗಿ ಎತ್ತುತ್ತಿದ್ದೆಯಲ್ಲ. ಹಿಂದಿನ ಸಾಲಿಗೆ ಹೋಗು. ಜಡೆ, ನೀನು ಬಾ ಇಲ್ಲಿ."

ಪುಟ್ಟಿ ಹಿಂದಕ್ಕೆ ಹೋದಳು. ಪರದೆಯ ಮರೆಯಲ್ಲಿದ್ದ ಅತ್ತೆಗೆ ಕೈ ಯಾಕೆ ಏರಲಿಲ್ಲ ಎಂದು ಗೊತ್ತಾಗಿತ್ತು. ಈಗಲೇ ಹೇಳಬೇಕು ಅಂದುಕೊಂಡಳು. ಹಾಡು ಮುಗಿಯಲಿ ಅಂದುಕೊಂಡಳು. ಹಾಡು ಮುಗಿಯಿತು, ಇನ್ನೊಂದು ಶುರುವಾಗಿ ಅದೂ ಮುಗಿಯಿತು. ಅಷ್ಟರಲ್ಲಿ ಜಡೆಗೆ ಹೊಸ ಜಾಗ ಕಾಲಿಗೆ ಹತ್ತಿಬಿಟ್ಟಿತ್ತು.

ಚಹಾಕ್ಕೆ ಬಿಟ್ಟಾಗ ಅತ್ತೆ ಮೇಷ್ಟ್ರ ಎದುರು ನಿಂತಳು. "ತಪ್ಪು ಹುಡುಗಿಯದಲ್ಲ. ರವಿಕೆ ಜಗ್ಗುತ್ತಿದೆ."

ಮೇಷ್ಟ್ರು ಪುಟ್ಟಿಯನ್ನು ಕರೆದರು. "ಬಿಗಿ ಇದ್ದರೆ ಹೇಳಬಾರದಾ?"

"ಅಷ್ಟೇನೂ ಬಿಗಿ ಇಲ್ಲ, ಮೇಷ್ಟ್ರೇ," ಎಂದಳು ಪುಟ್ಟಿ, ಅತ್ತೆಯ ಮುಖ ನೋಡದೆ. "ನನಗೇ ಇವತ್ತು ಕೈ ಬರಲಿಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಅತ್ತೆಯ ಮಾನ ಉಳಿಯುತ್ತಿತ್ತು. ಅವಳು ಪುಟ್ಟಿಯ ಮೊಣಕೈ ಹಿಡಿದು ಮೇಲೆತ್ತಿದಳು. ಹೊಲಿಗೆ ಉಜ್ಜಿದ ಕಡೆ ತೋಳಿನ ಚರ್ಮ ಕೆಂಪಗೆ ಕಿತ್ತುಬಂದಿತ್ತು.

"ಎಲ್ಲರದಕ್ಕೂ ತುಂಡು ಇಟ್ಟೆ, ಇವಳದಕ್ಕೆ ಇಡಲಿಲ್ಲ," ಎಂದಳು ಅತ್ತೆ. "ಚೆಂದ ಕಾಣಲಿ ಅಂತ. ಇವಳು ಹಿಡೀತು ಅಂತ ಹೇಳಿದ್ದಳು. ನನಗೆ ಕೇಳಿಸಿತ್ತು."

ಹುಡುಗಿಯರು ಚಹಾ ಲೋಟಗಳೊಳಗೆ ಕಣ್ಣು ನೆಟ್ಟರು. ಮೇಷ್ಟ್ರು ಕತ್ತು ಕೆರೆದುಕೊಂಡರು. "ಈಗ ಸಾಲು ಮತ್ತೆ ಬದಲಾಯಿಸಿದರೆ ನಾಳೆ ಎಲ್ಲರೂ ಎಡವುತ್ತಾರೆ ಕಣಮ್ಮ. ನೀನು ಮೊದಲೇ ಬಂದು ಹೇಳಿದ್ದರೆ ಆಗುತ್ತಿತ್ತು. ರವಿಕೆ ಸರಿಮಾಡು. ಜಾಗ ಹೀಗೇ ಇರಲಿ."

ಅತ್ತೆ ಉಡುಪಿನ ಕೋಣೆಗೆ ಬಂದು ಕಂಕುಳ ಹೊಲಿಗೆ ಬಿಚ್ಚಿದಳು. ಪುಟ್ಟಿ ಹಳೆಯ ಅಂಗಿ ತೊಟ್ಟು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದಳು.

"ಬೈದುಬಿಡೇ ಒಂದ್ಸಲ," ಎಂದಳು ಅತ್ತೆ.

"ಬೈದರೆ ನೀವು ಅಳ್ತೀರ. ಆಮೇಲೆ ಹೊಲಿಗೆ ಸೊಟ್ಟಗಾಗುತ್ತೆ."

ಬಾಗಿಲ ಹತ್ತಿರ ಉದ್ದ ಜಡೆಯವಳು ಬಂದು ನಿಂತಳು. "ಅತ್ತೆ, ಮುಂದೆ ನಿಲ್ಲಬೇಕಲ್ಲ, ನಂದು ಸೊಂಟದ ಹತ್ತಿರ ಸ್ವಲ್ಪ ಹಿಡಿದು ಕೊಡ್ತೀರಾ?" ಎಂದವಳು ಪುಟ್ಟಿಯನ್ನು ಕಂಡು ನಾಲಿಗೆ ಕಚ್ಚಿಕೊಂಡಳು.

"ಬಾರೇ," ಎಂದು ಪುಟ್ಟಿಯೇ ಎದ್ದು ಅವಳಿಗೆ ಸ್ಟೂಲು ಬಿಟ್ಟುಕೊಟ್ಟಳು. ಗುಂಡುಸೂಜಿ ಡಬ್ಬಿ ತೆಗೆದು ಅತ್ತೆಯ ಪಕ್ಕಕ್ಕೆ ಬಂದು ನಿಂತು, ಒಂದೊಂದಾಗಿ ಸೂಜಿ ಕೊಡತೊಡಗಿದಳು. ಅತ್ತೆ ತಲೆ ಎತ್ತದೆ ಕೈ ಮಾತ್ರ ಚಾಚಿ ಇಸಿದುಕೊಂಡಳು.