ಎರಡನೆಯ ಕರೆ

ಗಾಜಿನಾಚೆ ಮಗಳ ಪುಟ್ಟ ಹೆಬ್ಬೆರಳು ಗುಂಡಿಯ ಮೇಲೆ ತೂಗುತ್ತಲೇ ಇದೆ, ಒತ್ತುತ್ತಿಲ್ಲ — ಅವಳ ಕಿವಿಗೆ ಸದ್ದು ಹೋಗಿದೆ, ಕಿವಿ ಪರೀಕ್ಷೆ ಮಾಡುವವನ ಯಂತ್ರದಲ್ಲಿ ಹಸಿರು ದೀಪ ಹತ್ತಿ ಆರಿದ್ದನ್ನು ನಾನೇ ಕಂಡೆ, ಅವಳಿಗೆ ಕೇಳಿಸಿದೆ, ರೆಪ್ಪೆ ಅಲುಗಿತಲ್ಲ, ಹೆತ್ತವಳಿಗೆ ಅಷ್ಟೂ ತಿಳಿಯದೇ — ಒತ್ತೇ ಚಿನಕುರುಳಿ, ಕೇಳಿಸಿದ ಕೂಡಲೇ ಒತ್ತು ಅಂದದ್ದು ಅಷ್ಟೇ ತಾನೆ, ಅದರಲ್ಲಿ ಯೋಚಿಸುವುದೇನಿದೆ. ತಲೆಗಿಂತ ದೊಡ್ಡ ಹೆಡ್‌ಫೋನು, ನೆಲ ಮುಟ್ಟದ ಕಾಲು, ಗೋಡೆಗೆಲ್ಲ ಬೂದು ಸ್ಪಂಜು. ಈಚೆ ನನ್ನ ಪಕ್ಕದ ಕುರ್ಚಿಯಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದಾಳೆ, ನಿದ್ದೆಯಂತೆ ನಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮಗುವಿಗೆ ಇದನ್ನು ಕಲಿಸಿದವಳು ಇವಳೇ, ಇವಳಲ್ಲದೆ ಇನ್ಯಾರು, ರಜೆಯುದ್ದಕ್ಕೂ ನಮ್ಮ ಮನೆಯಲ್ಲಿದ್ದಳಲ್ಲ, ನಾನು ಕೆಲಸಕ್ಕೆ ಹೋದ ಮೇಲೆ ಅಜ್ಜಿ ಮೊಮ್ಮಗಳು ಏನು ಗುಸುಗುಸು ನಡೆಸಿದ್ದರೋ ಯಾರಿಗೆ ಗೊತ್ತು.

ಕರೆದ್ರೆ ತಿರುಗೋದೇ ಇಲ್ಲ ಇವಳು, ಕಿವಿ ತೋರಿಸ್ಕೊಂಡು ಚೀಟಿ ತನ್ನಿ, ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಳ್ಳಿ, ಎಂದಿದ್ದರು ಮೊನ್ನೆ ಶಾಲೆಯಲ್ಲಿ ಟೀಚರು, ಆಮೇಲೆ ಕನ್ನಡಕ ಮೇಲೇರಿಸಿ, ಅಂದಹಾಗೆ ನೀವು ಮೂಲ ಎಲ್ಲಿಯೋರು. ಅಂದಹಾಗೆ ಅಂತೆ. ಇಲ್ಲಿಯೋರೇ ಎಂದೆ, ಸುಳ್ಳೇನಲ್ಲ, ಇವರೆಲ್ಲ ಬರುವ ಮುಂಚಿನಿಂದಲೂ ಇಲ್ಲಿಯವರೇ, ಅದೇ ತಾನೆ ನಮ್ಮ ತಪ್ಪು. ಏನೋ ವಾಸನೆ ಹಿಡಿದಿದ್ದಾರೆ ಅವರು. ನಾನು ಶಾಲೆಯಲ್ಲಿದ್ದಾಗ ಕಾಡುಜನರ ಪಾಠ ಬಂದ ದಿನ ಅಷ್ಟೂ ತಲೆಗಳು ನಾನು ಕೂತಿದ್ದ ಹಿಂದಿನ ಬೆಂಚಿನ ಕಡೆ ತಿರುಗಿದ್ದವು, ಆ ಬೆಂಚಿಗೆ ನನ್ನ ಮಗಳು ಹೋಗಬಾರದು, ಅದಕ್ಕೇ ಭಾಷೆ ಕಲಿಸಲಿಲ್ಲ, ಹಾಡು ಕಲಿಸಲಿಲ್ಲ, ಅತ್ತೆಗೆ ಇಂದಿಗೂ ನಾವು ಯಾರೆಂದು ಗೊತ್ತಿಲ್ಲ, ಎಲ್ಲ ಬಾಗಿಲೂ ಭದ್ರ ಮಾಡಿದ್ದೆ, ಆದರೂ ಯಾವ ಕಿಂಡಿಯಿಂದಲೋ ಇದು ಒಳಗೆ ಬಂದುಬಿಟ್ಟಿದೆ.

ಮೊದಲನೇ ಕೂಗಿಗೆ ಓಗೊಡಬಾರ್ದು ಮಗಾ, ಎನ್ನುತ್ತಿದ್ದಳು ಅಮ್ಮ ನಾನು ಚಿಕ್ಕವಳಿದ್ದಾಗ, ನಿನ್ನಜ್ಜಿ ಸಣ್ಣೋಳಿದ್ದಾಗ ಗಾಡಿ ಬರ್ತಿತ್ತು, ಹೆಸರು ಹಿಡಿದು ಕೂಗೋರು, ಓ ಅಂದ ಮಕ್ಕಳನ್ನ ಎತ್ಕೊಂಡು ಹೋಗೋರು, ದೊಡ್ಡ ಶಾಲೆಗೆ ಅಂತ, ವಾಪಸ್ ಬಂದ ಒಬ್ಬಿಬ್ಬರಿಗೂ ಹೆಸರು ಬೇರೆ ನಾಲಿಗೆ ಬೇರೆ, ಮಿಕ್ಕವರು ಬರಲೇ ಇಲ್ಲ, ಅದಕ್ಕೇ ನಾವು ಎರಡು ಸಲ ಕರೀತೀವಿ, ಹೊರಗಿನೋರು ಎರಡನೇ ಸಲ ಗದರ್ತಾರೆ, ನಮ್ಮೋರು ಎರಡನೇ ಸಲ ಮೆಲ್ಲಗೆ ಕರೀತಾರೆ, ಆ ಮೆಲ್ಲಗಿನದಕ್ಕೆ ಓ ಅನ್ನು. ನನ್ನ ಮಗಳಿಗೂ ಇದನ್ನೇ ತುಂಬಿದ್ದಾಳೆ. ರಕ್ತದಲ್ಲೇ ಬರತ್ತೆ ಅನ್ನುತ್ತಾರೆ ಕೆಲವರು, ಬೊಗಳೆ, ರಕ್ತ ತೆಗೆಯುವುದೇ ನನ್ನ ಕೆಲಸ, ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡೀರಿ ಎಂದು, ಕೊಳವೆ ತುಂಬಿ ಮುಚ್ಚಳ ಹಾಕುವುದೇ ದಿನವಿಡೀ, ಎಲ್ಲರದೂ ಅದೇ ಕೆಂಪು, ಅದರಲ್ಲಿ ಗಾಡಿಯೂ ಇಲ್ಲ ಕೂಗೂ ಇಲ್ಲ, ಯಾರೋ ಬಾಯಿಬಿಟ್ಟು ಹೇಳಿಕೊಟ್ಟಿರಲೇಬೇಕು. ಯಾವಾಗ ಹೇಳಿಕೊಟ್ಟೆ ಅಮ್ಮಾ. ಏನನ್ನ. ನಾಟಕ ಬೇಡ. ಕಣ್ಣು ತೆರೆಯದೆಯೇ ಹೇಳುತ್ತಾಳೆ, ನಾನ್ಯಾಕೆ ಹೇಳ್ಕೊಡ್ಲಿ ತಾಯಿ, ನಾನು ಬರೋಕೆ ಮುಂಚೇನೂ ಹಾಗೇ ಇದ್ಳಲ್ಲ. ನಂಬುವುದು ಹೇಗೆ, ಇವಳು ತನ್ನ ನೆರಳಿಗೂ ನಿಜ ಹೇಳುವವಳಲ್ಲ. ನಮ್ಮ ಮನೆಯಲ್ಲಿ ಮತ್ತಿನ್ಯಾರು, ಗಂಡನಂತೂ ಅಲ್ಲ, ಅವರು ಕರೆಯುವುದೇ ಗುಡುಗಿನ ಹಾಗೆ, ನಿನ್ನ ಕರೆಯೋಕೆ ಮೈಕೇ ಬೇಕು ಕಣೇ ಎಂದು ನನ್ನನ್ನು ನೋಡಿ ನಗುತ್ತಾರೆ, ಮಿಕ್ಸಿ ಸದ್ದಿನಲ್ಲಿ ಯಾರಿಗೆ ಕೇಳಿಸುತ್ತದೆ.

ಪರೀಕ್ಷೆಯವನು ಕುರ್ಚಿ ತಿರುಗಿಸಿದ, ಒಂಥರಾ ವಿಚಿತ್ರ ಮೇಡಂ, ಮೊದಲನೇ ಸದ್ದಿಗೆ ಒತ್ತಲ್ಲ, ಜೋರು ಮಾಡಿದ್ರೂ ಒತ್ತಲ್ಲ, ಅದನ್ನೇ ಇನ್ನೊಂದ್ಸಲ ಮೆಲ್ಲಗೆ ಕೊಟ್ರೆ ಟಕ್ ಅಂತ ಒತ್ತುತ್ತಾಳೆ. ನಕ್ಕ. ಯಾಕೆ ನಕ್ಕ. ಕಿವಿಯದೇ ದೋಷ ಅಂದಿದ್ದರೆ ಯಂತ್ರ ಹಾಕಿಸಿಬಿಡುತ್ತಿದ್ದೆ, ಯಾರೂ ಮೂಲ ಕೇಳುತ್ತಿರಲಿಲ್ಲ — ಥೂ, ಮಗಳು ಕಿವುಡಿಯಾಗಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದೇನಲ್ಲ, ಎಂಥ ತಾಯಿ ನಾನು. ಮೊದಲ ಸದ್ದಿಗೇ ಒತ್ತದಿದ್ರೆ ಕಿವಿ ಸರಿ ಇದೆ ಅಂತ ನಾನು ಚೀಟಿ ಕೊಡೋಕಾಗಲ್ಲ ಮೇಡಂ, ಎಂದ ಅವನು, ನೀವೇ ಒಂದ್ಸಲ ಕೂತು ತೋರಿಸಿ, ಅಮ್ಮನ್ನ ನೋಡಿ ಕಲೀತಾಳೆ.

ಒಳಗೆ ಕೂತು ಹೆಡ್‌ಫೋನು ಹಾಕಿಕೊಂಡೆ, ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಲೋಕ ನಿಂತೇಹೋಯಿತು, ಕುರ್ಚಿ ಇನ್ನೂ ಅವಳ ಬಿಸಿಯಲ್ಲಿದೆ, ನನ್ನ ಮೊಣಕಾಲಿಗೆ ಒರಗಿ ನಿಂತಿದ್ದಾಳೆ ಚಿನಕುರುಳಿ, ನೋಡ್ಕೋ, ಸದ್ದು ಬಂದ ತಕ್ಷಣ ಅಮ್ಮ ಹೇಗೆ ಒತ್ತುತ್ತಾಳೆ ನೋಡ್ಕೋ, ಮೊದಲನೆಯದಕ್ಕೇ ಒತ್ತುತ್ತೇನೆ, ಇಷ್ಟು ಸುಲಭದ ಕೆಲಸ, ಅಜ್ಜಿಯಿಂದ ಅಮ್ಮನಿಗೆ ಅಮ್ಮನಿಂದ ನನಗೆ ಬಂದದ್ದು ಈ ಕುರ್ಚಿಯಲ್ಲೇ ಮುಗಿಯಲಿ, ಚೀಟಿ ತೆಗೆದುಕೊಂಡು ಮನೆಗೆ ಹೋಗೋಣ — ಬಂತು, ಎಡಗಿವಿಗೆ, ಸಣ್ಣಗೆ, ಸ್ಪಷ್ಟವಾಗಿ, ಕೇಳಿಸಿತು, ಗಾಜಿನಾಚೆ ಅವನು ನನ್ನನ್ನೇ ನೋಡುತ್ತಿದ್ದಾನೆ, ಯಾರಿವನು, ಇವನಿಗೇಕೆ ಇಷ್ಟು ಅವಸರ, ಒತ್ತು, ಒತ್ತೇ, ಯಾರೂ ಎತ್ತಿಕೊಂಡು ಹೋಗುವುದಿಲ್ಲ — ಮಗಳು ಮುಖ ನೋಡುತ್ತಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಾಳೆ, ಅವಳಿಗೆ ಆತುರವೂ ಇಲ್ಲ ಆಶ್ಚರ್ಯವೂ ಇಲ್ಲ, ಮನೆಯಲ್ಲಿ ದಿನಾ ನೋಡುವುದನ್ನು ನೋಡುವ ಹಾಗೆ — ಗುಂಡಿಯ ಮೇಲೆ ಹೆಬ್ಬೆರಳು, ನನ್ನದು, ತೂಗುತ್ತಿದೆ, ಒತ್ತುತ್ತಿಲ್ಲ