ಹಿರೇಗುತ್ತಿಯ ಶೆಡ್ಡಿನ ಎರಡು ಪೋಲಿಷ್ ಕಾರುಗಳು

ಹಳೇ ಕಾರಿನ ಹುಚ್ಚಿಗೆ ಮದ್ದಿಲ್ಲ. ಹೊನ್ನಾವರದ ನಾಗೇಶನಿಗೆ ಅದು ನೆತ್ತಿಗೇರಿತ್ತು. ೨೦೦೪ರಲ್ಲಿ ಹಿರೇಗುತ್ತಿಯ ಶೆಡ್ಡೊಂದರಲ್ಲಿ ಎರಡು ಪೋಲಿಷ್ ಕಾರುಗಳಿವೆ ಎಂದು ತಿಳಿದದ್ದೇ ತಡ, ಡ್ರೈವರ್ ಪಾಂಡುವನ್ನು ಕರೆದುಕೊಂಡು ಹೊರಟ. ಆ ದೇಶದ ಕಾರು ಓಡಿಸಿ ಗೊತ್ತಿದ್ದವನು ಈ ಸೀಮೆಗೆಲ್ಲ ಪಾಂಡು ಒಬ್ಬನೇ. ಅವನ ಹೆಂಡತಿ ಗಂಗಿ, ಮಗಳು ಧನ್ಯಾ ನೋಡುವ ಆಸೆಗೆ ಜೊತೆಗೇ ಬಂದರು.

ಮುಂಬಯಿಯ ಹರಾಜಿನಲ್ಲಿ ಅವನ್ನು ಕೊಂಡಿದ್ದ ಯಜಮಾನರು ತೀರಿಕೊಂಡಿದ್ದರು. ನಾಗೇಶ ಕೊಳ್ಳದೆ ಬಿಟ್ಟ ಕಾರು ಗುಜರಿಗೆ ಎಂದು ಅವರ ಮಕ್ಕಳು ಕಡ್ಡಿ ಮುರಿದಂತೆ ಹೇಳಿದರು. ನಾಗೇಶನ ಮನೆಯಲ್ಲೋ ಇದ್ದದ್ದು ಒಂದೇ ಕಾರಿನ ಜಾಗ.

ಒಂದು ಐವತ್ತರ ದಶಕದ ವರ್ಷಾವಾ. ಬೆನ್ನು ಗೂನು, ತಗಡು ದಪ್ಪ, ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಇನ್ನೊಂದು ಎಪ್ಪತ್ತರ ದಶಕದ ಪೋಲ್ಸ್ಕಿ ಫಿಯಟ್, ಚೌಕ ಮೈ, ಮುಂದೆ ಜೋಡಿ ದುಂಡು ದೀಪ. ಪಾಂಡು ಎರಡನ್ನೂ ಮಿರ್ಜಾನದವರೆಗೆ ಓಡಿಸಿ ನೋಡಿದ. ಫಿಯಟ್ಟಿನಿಂದ ಇಳಿದವನು ಅದರ ಹಿಂದಿನ ಸೀಟಿನತ್ತ ತಿರುಗಿ ನೋಡಿದ.

ಧನ್ಯಾ ಹುಟ್ಟುವ ಮುಂಚೆ ಅವನು ಬಗ್ದಾದಿನಲ್ಲಿ ಪೋಲೆಂಡಿನ ಇಂಜಿನಿಯರನೊಬ್ಬನ ಡ್ರೈವರ್, ಗಂಗಿ ಅದೇ ಮನೆಯ ಅಡುಗೆಯವಳು. ತೊಂಬತ್ತರಲ್ಲಿ ಯುದ್ಧದ ಸುದ್ದಿ ಹಬ್ಬಿದಾಗ ಆ ಪುಣ್ಯಾತ್ಮ ತುಂಬು ಬಸುರಿಯನ್ನು ನೋಡಿ ತನ್ನ ಫಿಯಟ್ಟಿನ ಕೀಲಿಯನ್ನೇ ಪಾಂಡುವಿನ ಕೈಗಿಟ್ಟು, ತಾನು ಹಿಂದೆ ಉಳಿದ. ಜೋರ್ಡಾನಿನ ಗಡಿ ಮುಟ್ಟುವ ಮೊದಲೇ ಹಿಂದಿನ ಸೀಟಿನಲ್ಲಿ ಧನ್ಯಾ ಹುಟ್ಟಿದಳು. ಆ ಇಂಜಿನಿಯರನ ಋಣ ಇವರ ಮೈಮೇಲೆ ಹಾಗೇ ಉಳಿಯಿತು.

ಯಾವುದು ಕೊಳ್ಳಲಿ ಎಂದು ನಾಗೇಶ ಕೇಳಿದರೆ ಫಿಯಟ್ ಅಂದುಬಿಡು ಎಂದಿತು ಪಾಂಡುವಿನ ಮನಸ್ಸು. ಆದರೆ ನಂಬಿ ಕರೆತಂದವನಿಗೆ ಸುಳ್ಳು ಹೇಳುವುದುಂಟೇ?

"ಎಂತ ಹೇಳ್ತೆ ಪಾಂಡು?"

"ವರ್ಷಾವಾ ತಕಣಿ, ನಾಗೇಶಣ್ಣ. ಫಿಯಟ್ಟು ಲಕ್ಷಗಟ್ಲೆ ಮಾಡಿದ್ರು. ಇದು ಸಿಕ್ಕೂದೇ ಅಪರೂಪ."

"ಆತು. ಮತ್ತೆ ಕಣ್ಣಲ್ಲಿ ನೀರು ಎಂತಕ್ಕಾ?"

ಪಾಂಡು ಫಿಯಟ್ಟಿನತ್ತ ಮುಖ ತಿರುಗಿಸಿದ. ಗಂಗಿಯೇ ಎಲ್ಲ ಹೇಳಿದಳು.

ನಾಗೇಶ ವರ್ಷಾವಾದ ಗೂನು ಬೆನ್ನನ್ನು ಆಸೆಯಿಂದ ಸವರಿದ. ದೊಡ್ಡ ಉಸಿರು ಬಿಟ್ಟ.

"ಇದಕ್ಕೆ ಹಳೇ ಕಾರು ಕೂಡಿಡೂ ಗೋವೆಯ ಆ ಜಂಬದವ ನಾಳೆನೇ ಓಡಿ ಬತ್ತ. ಅವಂಗೆ ಫೋನ್ ಮಾಡೂಕೆ ನಂಗೆ ಹೊಟ್ಟೆ ಉರಿತದೆ, ಆದ್ರೂ ಮಾಡ್ತೆ. ಫಿಯಟ್ಟಿಗೆ ಯಾರಿದ್ದಾರೆ ಮಾರಾಯಾ? ಅದು ನಂಗೇ ಇರ್ಲಿ."

ಪಾಂಡು ಕೈ ಮುಗಿದ. ನಾಗೇಶನಿಗೋ, ಹೆಸರಷ್ಟೇ ನೆನಪಿದ್ದ ಆ ಇಂಜಿನಿಯರನಿಗೋ, ಇಬ್ಬರಿಗೂ ಸೇರಿಯೋ. ಆಮೇಲೆ ಹಿಂದಿನ ಬಾಗಿಲು ತೆಗೆದು ಹಿಡಿದ.

ಗಂಗಿ ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತಳು. ಸೀಟನ್ನು ಒಮ್ಮೆ ಸವರಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಈ ಸಲ ಸಾವಕಾಶ ಹೊಡೀರಿ," ಎಂದಳು. "ಎಲ್ರೂ ಬಂದಾತಲ್ಲ."