ನಿಲ್ಲದ ವಾಚು

"ನಿಲ್ತಾ ಇಲ್ಲ ಅನ್ನೋದೂ ಒಂದು ಕಂಪ್ಲೇಂಟಾ?" ರಿಪೇರಿ ಅಂಗಡಿಯ ಮಾಮ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ನಕ್ಕರು. "ಎಲ್ಲರೂ ವಾಚು ನಿಂತೋಯ್ತು ಅಂತ ಬರ್ತಾರೆ, ನೀನೊಬ್ಬಳು ನೋಡು!"

ಅವಳು ನಗಲಿಲ್ಲ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳು. ಮೊದಲ ಸಲಕ್ಕೇ ನರ ಹಿಡಿಯುತ್ತಿದ್ದಳೆಂದು ಬೀದಿಗೆ ಬೀದಿಯೇ ಅವಳನ್ನು 'ಒಂದೇ ಚುಚ್ಚು' ಎಂದು ಕರೆಯುತ್ತಿತ್ತು. ಹುಚ್ಚು ಮಾತ್ರ ಕೈ ಆಡಿದಂತೆ ತಾವೇ ಕೀ ತುಂಬಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ವಾಚುಗಳದ್ದು. ತಾನು ಹುಟ್ಟುವ ಮೊದಲೇ ತಯಾರಾದ ಒಂಬತ್ತು ವಾಚು ಅವಳ ಬೀರುವಿನಲ್ಲಿದ್ದವು. ಹಳದಿಗಟ್ಟಿದ ಡಯಲುಗಳನ್ನು ಹೊಸದು ಮಾಡಲು ಮಾಮನಿಗೆ ಒಮ್ಮೆಯೂ ಬಿಟ್ಟವಳಲ್ಲ. "ಪಾಪ, ಮುಖ ತೊಳೆಯೋಕೂ ಬಿಡಲ್ವಲ್ಲೇ" ಎಂದು ಅವರು ರೇಗಿಸುವುದಿತ್ತು.

"ಬೆನ್ನು ಹಿಡ್ಕೊಂಡು ಮೂರು ದಿನ ಮಲಗಿದಲ್ಲೇ ಇದ್ದೆ ಮಾಮ. ವಾಚು ಕೈಯಲ್ಲೇ ಇತ್ತು, ಆದ್ರೆ ಕೈ ಆಡಿಸಿಲ್ಲ. ಒಂದೂವರೆ ದಿನಕ್ಕೆ ನಿಲ್ಬೇಕಿತ್ತಲ್ವಾ?"

"ಇಟ್ಟು ಹೋಗು, ನೋಡ್ತೀನಿ."

ವಾಚು ಕೆಟ್ಟಿರಲಿ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು.

ಶನಿವಾರ ಹೋದಾಗ ಮಾಮ ವಾಚಿನ ಬೆನ್ನು ಬಿಚ್ಚಿ ತೋರಿಸಿದರು. ಒಳಗೆ ಅರ್ಧಚಂದ್ರದಂಥ ತೂಕ ನುಣ್ಣಗೆ ತಿರುಗಿತು. "ಮೇಜಿನ ಮೇಲಿಟ್ಟಿದ್ದೆ, ಲೆಕ್ಕದ ಪ್ರಕಾರ ನಿಂತೇ ಹೋಯ್ತು. ವಾಚಿಗೇನೂ ಆಗಿಲ್ಲ ಕಣಮ್ಮ. ಕೈ ಆಡಿದ್ರೆ ಮಾತ್ರ ಇದು ತಿರುಗಿ ಕೀ ಕೊಡೋದು. ಅಂದ್ರೆ ನಿನ್ನ..."

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ಗಾಜಿನ ಮೇಲೆ ಊರಿದ್ದ ಅವಳ ಎಡಗೈಯ ಮೇಲಿತ್ತು. ಹೆಬ್ಬೆರಳು, ಅದರೊಂದಿಗೆ ಮಣಿಕಟ್ಟೂ, ಸಣ್ಣಗೆ, ಬಿಡದೆ ಅದುರುತ್ತಿತ್ತು. ಅವಳು ಕೈಯನ್ನು ಬ್ಯಾಗಿನ ಕೆಳಗೆ ಸರಿಸಿದಳು. ಎರಡು ತಿಂಗಳಿಂದ ನಿದ್ದೆ ಕಡಿಮೆ, ಕಾಫಿ ಜಾಸ್ತಿ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಬಂದಿದ್ದಳು. ಚರ್ಮವನ್ನು ಎಡಗೈ ಎಳೆದು ಹಿಡಿಯದಿದ್ದರೆ ಬಲಗೈ ಸೂಜಿ ಇಳಿಸುವುದೆಲ್ಲಿಂದ? ಸೋಮವಾರ ಮಾಮ ಸಕ್ಕರೆ ಪರೀಕ್ಷೆಗೆ ಬರುವವರು. ಅವರು ಲ್ಯಾಬಿನಲ್ಲಿ ಬಾಯಿಬಿಟ್ಟರೆ ಕೆಲಸದ ಗತಿ?

ಭಾನುವಾರವಿಡೀ ಬೆಂಕಿಯ ಮೇಲೆ ನಿಂತ ಹಾಗಿತ್ತು.

ಸೋಮವಾರ ಬೆಳಿಗ್ಗೆ ಮಾಮ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಬಂದರು. ಪಕ್ಕದ ಕುರ್ಚಿಯ ಹೊಸ ಹುಡುಗಿ, "ಇಲ್ಲಿ ಖಾಲಿ ಇದೆ ತಾತ, ಬನ್ನಿ" ಎಂದಳು. ಮಾಮ ಎರಡೂ ಕುರ್ಚಿಗಳ ನಡುವೆ ನಿಂತರು.

"ಅವಳ ಹತ್ರಾನೇ ಹೋಗಿ ಮಾಮ" ಎಂದು ಇವಳೇ ಮೆಲ್ಲಗೆ ಹೇಳಿದಳು.

ಮಾಮ ಬಂದು ಅವಳ ಎದುರಿಗೇ ಕೂತು ಅಂಗಿಯ ತೋಳು ಮಡಚಿದರು. "ನಾಳೆ ಅಂಗಡಿ ಮುಚ್ಚಿರ್ತೀನಿ. ಇಬ್ರೂ ಹೋಗಿ ನರದ ಡಾಕ್ಟರಿಗೆ ತೋರಿಸ್ಕೊಂಡು ಬರೋಣ" ಎಂದು ಅವಳಿಗಷ್ಟೇ ಕೇಳುವಂತೆ ಹೇಳಿದರು. "ಈಗ ಚುಚ್ಚು."

ಅವಳು ಪಟ್ಟಿ ಬಿಗಿದು, ಎಡಗೈ ಹೆಬ್ಬೆರಳನ್ನು ಅವರ ಮೊಣಕೈ ಕೆಳಗೆ ಊರಿದಳು. ಬೆರಳು ಅದುರಿದ್ದು ಅವರಿಗೂ ತಿಳಿದಿರಬೇಕು. ಸೂಜಿಯೆಂದರೆ ಆಗದ ಮಾಮ ಎಂದಿನ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ತೋಳನ್ನು ಸಡಿಲ ಬಿಟ್ಟರು.